ಅರಿವಳಿಕೆ ಡಾಕ್ಟರ ಓದು, ನೋಂದಣಿ, ಕೆಲಸ: ದಾವಣಗೆರೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಅರಿವಳಿಕೆ ವೈದ್ಯೆ. ಆಪರೇಷನ್ ಮಾಡಿಸುವವರು ಸರ್ಜನ್ ಯಾರು, ಕೈಗುಣ ಹೇಗೆ, ಮೊದಲು ಯಾರಿಗೆ ಮಾಡಿದ್ದಾರೆ ಎಂದು ನೆಂಟರಿಷ್ಟರನ್ನೆಲ್ಲ ವಿಚಾರಿಸಿ ಬರುತ್ತಾರೆ. ಆದರೆ ಅರಿವಳಿಕೆ, ಅಂದರೆ ನೋವು ತಿಳಿಯದಂತೆ ಮತ್ತು ಬರಿಸುವ ಔಷಧಿ, ಕೊಡುವವರು ಯಾರು ಎಂದು ಕೇಳುವವರು ತೀರಾ ಕಡಿಮೆ. ಟೇಬಲ್ ಮೇಲೆ ಮಲಗಿದಾಗ ನಿಮ್ಮ ಉಸಿರು, ಬಿಪಿ, ನಾಡಿ ನೋಡಿಕೊಳ್ಳುವುದು ಅವರೇ. ಹಾಗಾಗಿ ಅವರ ಓದು ಏನು, ನೋಂದಣಿ ಇದೆಯಾ, ಕೇಸ್ ಮುಗಿಯುವವರೆಗೆ ಇರುತ್ತಾರಾ ಎಂದು ಧಾರಾಳವಾಗಿ ಕೇಳಿ. ನಮಗೇನೂ ಬೇಜಾರಿಲ್ಲ. ವಾರ್ಡಿನಲ್ಲಿ, ಓಟಿ (ಆಪರೇಷನ್ ಕೋಣೆ) ಬಾಗಿಲಲ್ಲಿ, ಒಮ್ಮೊಮ್ಮೆ ಮದುವೆ ಮನೆಯಲ್ಲೂ ಜನ ನನ್ನನ್ನು ಕೇಳಿದ ಪ್ರಶ್ನೆಗಳಿವು.

ಮೇಡಂ, ನೀವೂ ಡಾಕ್ಟ್ರೇನಾ?

ಹೌದು. ಇದು ಎಲ್ಲಕ್ಕಿಂತ ಜಾಸ್ತಿ ಕೇಳಿದ ಪ್ರಶ್ನೆ. ಸರ್ಜನ್ ಓದಿದ ಎಂಬಿಬಿಎಸ್ಸನ್ನೇ ನಾವೂ ಓದಿರುತ್ತೇವೆ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಪ್ರವೇಶ ಪರೀಕ್ಷೆ ಬರೆದು, ಅರಿವಳಿಕೆಯಲ್ಲೇ 3 ವರ್ಷ ಎಂಡಿ. ಈ ಮೂರು ವರ್ಷ ಹಗಲು ರಾತ್ರಿ ಓಟಿ ಮತ್ತು ಐಸಿಯುನಲ್ಲೇ ಕಳೆಯುತ್ತದೆ.

ಇದಕ್ಕಾಗಿ ದೂರದ ಊರಿಗೇ ಹೋಗಬೇಕೆಂದಿಲ್ಲ. ಜೆಜೆಎಂ ವೈದ್ಯಕೀಯ ಕಾಲೇಜು 1965ರಿಂದ ದಾವಣಗೆರೆಯಲ್ಲಿದೆ. ಆಮೇಲೆ ಎಸ್‌ಎಸ್ ವೈದ್ಯಕೀಯ ಕಾಲೇಜೂ ಬಂತು. ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜಿದೆ, ಈಚೆಗೆ ಸರ್ಕಾರಿ ಕಾಲೇಜೂ ಶುರುವಾಗಿದೆ. ಇಷ್ಟು ಕಾಲೇಜುಗಳ ನಡುವೆ ಇರುವುದರಿಂದ ನಮ್ಮ ಕಡೆ ಅರಿವಳಿಕೆ ತಜ್ಞರ ಕೊರತೆ ದೊಡ್ಡ ಊರುಗಳಲ್ಲಿ ಅಷ್ಟು ಕಾಣುವುದಿಲ್ಲ. ಜಗಳೂರು, ಮೊಳಕಾಲ್ಮೂರು ಕಡೆ ಹೋದರೆ ಮಾತು ಬೇರೆ.

ಬೋರ್ಡಿನಲ್ಲಿ ಎಂಡಿ, ಡಿಎ, ಡಿಎನ್‌ಬಿ ಅಂತೆಲ್ಲ ಇರುತ್ತಲ್ಲ, ಏನು ವ್ಯತ್ಯಾಸ?

ಎಂಡಿ ಎಂದರೆ ವಿಶ್ವವಿದ್ಯಾಲಯ ಕೊಡುವ 3 ವರ್ಷದ ಪದವಿ. ಡಿಎನ್‌ಬಿ ಎಂದರೆ ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಪದವಿ. ಎರಡೂ ತಜ್ಞರ ಪದವಿಗಳೇ. ಡಿಎ ಎಂದರೆ 2 ವರ್ಷದ ಡಿಪ್ಲೊಮಾ. ಹಿಂದೆ ಡಿಎ ಓದಿದವರು ಜಾಸ್ತಿ ಇದ್ದರು. ಈಗ ಹಲವು ಕಾಲೇಜುಗಳಲ್ಲಿ ಆ ಸೀಟುಗಳು ಎಂಡಿ ಸೀಟುಗಳಾಗಿವೆ. ಡಿಎ ಎಂದು ಮೂಗು ಮುರಿಯಬೇಡಿ. ಈ ಭಾಗದ ಹಳೆಯ ನರ್ಸಿಂಗ್ ಹೋಮ್‌ಗಳನ್ನು ದಶಕಗಳ ಕಾಲ ನಡೆಸಿದ್ದು ಅವರೇ. ಕಷ್ಟದ ಕೇಸಿನಲ್ಲಿ ಇವತ್ತಿಗೂ ನಾನು ಫೋನ್ ಮಾಡುವುದು ಅಂಥ ಹಿರಿಯರೊಬ್ಬರಿಗೆ.

ಒಂದು ಎಚ್ಚರಿಕೆ ಇರಲಿ. ಬರೀ ಎಂಡಿ ಎಂದಿದ್ದರೆ ಯಾವ ವಿಷಯದಲ್ಲಿ ಎಂದು ಕೇಳಿ. ಎಂಡಿ ಬೇಕಾದಷ್ಟು ವಿಷಯಗಳಲ್ಲಿದೆ. ಹೃದಯದ ಆಪರೇಷನ್ನಿನ ಅರಿವಳಿಕೆಗೆ ಎಂಡಿ ಆದ ಮೇಲೆ ಇನ್ನೂ 3 ವರ್ಷದ ಡಿಎಂ ಎಂಬ ಮೇಲಿನ ಪದವಿ ಇದೆ. ಅಪೆಂಡಿಕ್ಸ್, ಹರ್ನಿಯಾ, ಸಿಸೇರಿಯನ್‌ಗೆ ಅದು ಬೇಕಾಗಿಲ್ಲ.

ನಿಮ್ಮ ನೋಂದಣಿ ನಿಜವಾ ಅಂತ ನೋಡೋದು ಹೇಗೆ?

ಕರ್ನಾಟಕದಲ್ಲಿ ಪ್ರಾಕ್ಟೀಸ್ ಮಾಡುವ ಅಲೋಪಥಿ ವೈದ್ಯರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ಆ ಸಂಖ್ಯೆ ಚೀಟಿ, ಸರ್ಟಿಫಿಕೇಟ್, ರಸೀದಿ ಎಲ್ಲದರ ಮೇಲೂ ಇರಬೇಕೆಂದು 2002ರ ವೈದ್ಯರ ನಡವಳಿಕೆ ನಿಯಮಗಳು ಹೇಳುತ್ತವೆ. ನನ್ನ ಚೀಟಿಯ ಮೇಲೆ ಹೆಸರಿನ ಕೆಳಗೇ ಇದೆ. ಹಿಂದೆ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಇತ್ತು. 2020ರ ಸೆಪ್ಟೆಂಬರಿನಿಂದ ಅದರ ಜಾಗದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದೆ. ಅದರ ಜಾಲತಾಣದಲ್ಲಿ ಹೆಸರು ಅಥವಾ ಸಂಖ್ಯೆ ಹಾಕಿದರೆ ವೈದ್ಯರ ವಿವರ ಸಿಗುತ್ತದೆ.

ಎಂಬಿಬಿಎಸ್ ನೋಂದಣಿ ಇದ್ದರೆ ಸಾಲದು. ಎಂಡಿಯನ್ನೂ ಹೆಚ್ಚುವರಿ ಅರ್ಹತೆ ಎಂದು ಬೇರೆಯಾಗಿ ನೋಂದಾಯಿಸಬೇಕು. ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಸಮ್ಮೇಳನ, ಕಾರ್ಯಾಗಾರಗಳಲ್ಲಿ ಕೂತು ಕಲಿತ 30 ಗಂಟೆಗಳ ಲೆಕ್ಕ ತೋರಿಸಬೇಕು. ಕೆಲವು ಸಮ್ಮೇಳನಗಳಲ್ಲಿ ಕಲಿಕೆಗಿಂತ ಊಟವೇ ಚೆನ್ನಾಗಿರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೂ ಅಲ್ಟ್ರಾಸೌಂಡ್ ನೋಡಿಕೊಂಡು ನರದ ಬ್ಲಾಕ್ (ಕೈ ಅಥವಾ ಕಾಲು ಮಾತ್ರ ಜೋಮು ಹಿಡಿಸುವ ಇಂಜೆಕ್ಷನ್) ಕೊಡುವುದನ್ನು ನನ್ನ ವಯಸ್ಸಿನವರಲ್ಲಿ ಬಹಳ ಮಂದಿ ಕಲಿತದ್ದು ಇಂಥ ಕಡೆಯೇ.

ಭಾರತೀಯ ಅರಿವಳಿಕೆ ತಜ್ಞರ ಸಂಘ 1947ರಿಂದ ಇದೆ. ಅದರ ಸದಸ್ಯತ್ವ ಇದ್ದರೆ ಒಳ್ಳೆಯದು. ಆದರೆ ಅದು ಲೈಸೆನ್ಸ್ ಅಲ್ಲ. ಗೋಡೆಯ ಮೇಲೆ ಎಷ್ಟೇ ಫಲಕ ತೂಗುಹಾಕಿದ್ದರೂ ನೀವು ನೋಡಬೇಕಾದದ್ದು ಪರಿಷತ್ತಿನ ನೋಂದಣಿಯನ್ನು.

ಟೆಕ್ನಿಷಿಯನ್ ಮತ್ತು ಕೊಡಬಹುದಾ? ಸರ್ಜನ್ನೇ ಕೊಟ್ಟರೆ ಆಗಲ್ವಾ?

ಟೆಕ್ನಿಷಿಯನ್ ಇಲ್ಲದೆ ನಮ್ಮ ಕೆಲಸ ನಡೆಯುವುದಿಲ್ಲ. ಮಷೀನ್ ಪರೀಕ್ಷಿಸುವುದು, ಟ್ಯೂಬು, ಔಷಧಿ ಸಿದ್ಧ ಮಾಡುವುದು ಅವರೇ. ಆದರೆ ಡಾಕ್ಟರ್ ಇಲ್ಲದೆ ಅವರೊಬ್ಬರೇ ಮತ್ತು ಕೊಡುವಂತಿಲ್ಲ. ಗಡ್ಡೆ ತೆಗೆಯಲು, ಹೊಲಿಗೆ ಹಾಕಲು ಆ ಜಾಗ ಮಾತ್ರ ಜೋಮು ಹಿಡಿಸುವ ಲೋಕಲ್ ಇಂಜೆಕ್ಷನ್ ಸರ್ಜನ್ ಕೊಡಬಹುದು. ಸ್ಪೈನಲ್ (ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಜೋಮು ಹಿಡಿಸುವುದು) ಅಥವಾ ಪೂರ್ತಿ ಮತ್ತು ಎಂದಾದರೆ ಅದಕ್ಕೆಂದೇ ಇನ್ನೊಬ್ಬ ಡಾಕ್ಟರ್ ಇರಬೇಕು. ಕತ್ತರಿ ಹಿಡಿದವರ ಕಣ್ಣು ಗಾಯದ ಮೇಲಿರುತ್ತದೆ. ಉಸಿರು ನೋಡುವ ಕಣ್ಣು ಬೇರೆಯೇ ಇರಬೇಕು.

ತಾಲೂಕು ಆಸ್ಪತ್ರೆಗಳಲ್ಲಿ ತುರ್ತು ಸಿಸೇರಿಯನ್‌ಗೆಂದು ಸರ್ಕಾರವೇ ಕೆಲವು ಎಂಬಿಬಿಎಸ್ ವೈದ್ಯರಿಗೆ ಅರಿವಳಿಕೆಯ ತರಬೇತಿ ಕೊಟ್ಟಿದೆ. ಅದು ಬೇರೆ ವಿಷಯ. ಹಾಗೆ ತರಬೇತಿ ಪಡೆದವರಿಂದ ಎಷ್ಟೋ ತಾಯಂದಿರ ಜೀವ ಉಳಿದಿದೆ.

ನೀವು ಯಾವ ಆಸ್ಪತ್ರೆಯವರು? ಇಲ್ಲೂ ಕಾಣ್ತೀರಿ, ಅಲ್ಲೂ ಕಾಣ್ತೀರಿ.

ಯಾವ ಆಸ್ಪತ್ರೆಯ ನೌಕರಿಯಲ್ಲೂ ಇಲ್ಲ. ಕರೆದ ಕಡೆ ಹೋಗಿ ಕೇಸ್ ಮಾಡುತ್ತೇನೆ. ಬೆಳಿಗ್ಗೆ ಪಿ.ಜೆ. ಬಡಾವಣೆಯಲ್ಲಿ ಒಂದು ಮೂಳೆ ಆಪರೇಷನ್, ಮಧ್ಯಾಹ್ನ ಎಂಸಿಸಿ ಬ್ಲಾಕಿನಲ್ಲಿ ಸಿಸೇರಿಯನ್, ಸಂಜೆ ಹರಿಹರದಲ್ಲಿ ಹರ್ನಿಯಾ. ದಾವಣಗೆರೆಯಂಥ ಊರಿನಲ್ಲಿ ನರ್ಸಿಂಗ್ ಹೋಮ್‌ಗಳು ಹೀಗೇ ನಡೆಯುವುದು. ಒಬ್ಬೊಬ್ಬರಿಗೂ ಪೂರ್ತಿ ದಿನದ ಅರಿವಳಿಕೆ ತಜ್ಞರನ್ನು ಇಟ್ಟುಕೊಳ್ಳುವಷ್ಟು ಕೇಸ್ ಇರುವುದಿಲ್ಲ. ಚಿತ್ರದುರ್ಗಕ್ಕೆ ಮೊದಲೇ ಗೊತ್ತಾದ ಕೇಸ್ ಇದ್ದರೆ ಮಾತ್ರ ಹೋಗುತ್ತೇನೆ. ಹೆದ್ದಾರಿ ಚೆನ್ನಾಗಿದ್ದರೂ ಸುಮಾರು 60 ಕಿಲೋಮೀಟರ್ ಆಯಿತಲ್ಲ, ತುರ್ತಿಗೆ ಅಲ್ಲಿನವರೇ ಇರಬೇಕು.

ಈ ಪದ್ಧತಿಯಲ್ಲಿ ಒಂದು ತೊಂದರೆಯೂ ಇದೆ. ಓಡಾಟದ ಗಡಿಬಿಡಿಯಲ್ಲಿ ರೋಗಿಯನ್ನು ಮೊದಲ ಸಲ ಟೇಬಲ್ ಮೇಲೆಯೇ ನೋಡುವಂತಾಗುತ್ತದೆ. ಅದು ಸರಿಯಲ್ಲ. ಮೊದಲೇ ಗೊತ್ತಾದ ಆಪರೇಷನ್ ಆದರೆ ಹಿಂದಿನ ದಿನವೇ ನಮ್ಮ ಭೇಟಿ ಆಗಬೇಕು ಎಂದು ಆಸ್ಪತ್ರೆಯವರಿಗೆ ಹೇಳಿ. ನಾನು ಹೇಳುವುದಕ್ಕಿಂತ ನೀವು ಹೇಳಿದರೆ ಬೇಗ ಆಗುತ್ತದೆ.

ಆಪರೇಷನ್ ಕೈಗೆ, ನೀವ್ಯಾಕೆ ಬಾಯಿ ನೋಡ್ತೀರಿ?

ಆಪರೇಷನ್‌ಗೆ ಮೊದಲಿನ ಫಿಟ್‌ನೆಸ್ ತಪಾಸಣೆಗೆ ಬಂದವರೆಲ್ಲ ಕೇಳುವುದು ಇದನ್ನೇ. ಪೂರ್ತಿ ಮತ್ತು ಕೊಟ್ಟಾಗ ನಿಮ್ಮ ಉಸಿರಾಟ ನಮ್ಮ ಕೈಗೆ ಬರುತ್ತದೆ. ಬಾಯಿಯ ಮೂಲಕ ಗಾಳಿ ಕೊಳವೆಗೆ ಟ್ಯೂಬ್ ಇಳಿಸಬೇಕು. ಕೈಗೆ ಬ್ಲಾಕ್ ಕೊಟ್ಟು ಮಾಡಿದರೂ, ಅದು ಸಾಲದೆ ಹೋದರೆ ಟ್ಯೂಬೇ ಗತಿ. ಅದಕ್ಕೆ ಬಾಯಿ ಎಷ್ಟು ತೆರೆಯುತ್ತದೆ, ಕುತ್ತಿಗೆ ಹಿಂದಕ್ಕೆ ಬಾಗುತ್ತದಾ, ಹಲ್ಲು ಅಲ್ಲಾಡುತ್ತಾ ಎಂದು ನೋಡುತ್ತೇವೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬಾಯಲ್ಲಿ ಹಿಡಿಸಿದರೆ ಸಾಕು.

ನಮ್ಮ ಕಡೆ ಬಹಳ ಜನಕ್ಕೆ ಮೂರು ಬೆರಳು ಹಿಡಿಸುವುದಿಲ್ಲ. ಕಾರಣ ಅಡಿಕೆ ಮತ್ತು ಗುಟ್ಕಾ. ಚನ್ನಗಿರಿ ಕಡೆಯ ಅಡಿಕೆ ನಾಡಿನ ಪಕ್ಕದಲ್ಲಿದ್ದೇವೆ, ಬಾಯಿಗೆ ಅಡಿಕೆ ಹಾಕುವುದು ಇಲ್ಲಿ ತಪ್ಪು ಅನಿಸುವುದೇ ಇಲ್ಲ. ವರ್ಷಗಟ್ಟಲೆ ಜಗಿದರೆ ಕೆನ್ನೆಯ ಒಳಪದರ ಬಿಗಿದು ನಾರಿನಂತಾಗುತ್ತದೆ. ಮೂವತ್ತು ದಾಟದ ಹುಡುಗರೂ ಒಂದೂವರೆ ಬೆರಳಿನಷ್ಟೇ ಬಾಯಿ ತೆರೆದು ನನ್ನ ಮುಂದೆ ಕೂತಿರುತ್ತಾರೆ. ಅಂಥವರಿಗೆ ಮಾಮೂಲಿ ರೀತಿಯಲ್ಲಿ ಟ್ಯೂಬ್ ಹಾಕಲು ಆಗುವುದಿಲ್ಲ. ಎಚ್ಚರ ಇರುವಾಗಲೇ ಮೂಗಿನಿಂದ ಕ್ಯಾಮೆರಾ ಇರುವ ತೆಳ್ಳನೆ ಕೊಳವೆ ಇಳಿಸಿ, ಅದರ ಮೇಲೆ ಟ್ಯೂಬ್ ಜಾರಿಸಬೇಕು. ಆ ಉಪಕರಣ ಎಲ್ಲ ನರ್ಸಿಂಗ್ ಹೋಮ್‌ನಲ್ಲೂ ಇರುವುದಿಲ್ಲ. ಮೊದಲೇ ಗೊತ್ತಾದರೆ ಅದು ಇರುವ ಕಡೆ ಕಳಿಸಬಹುದು. ಮತ್ತು ಕೊಟ್ಟ ಮೇಲೆ ಗೊತ್ತಾದರೆ ಪ್ರಾಣಕ್ಕೇ ಬರುತ್ತದೆ. ಗುಟ್ಕಾ ಹಾಕುವುದನ್ನು ಹೆಂಡತಿಯ ಎದುರು ಹೇಳಲು ಮುಜುಗರವಾದರೆ ಅವರನ್ನು ಹೊರಗೆ ಕೂರಿಸಿ ಹೇಳಿ. ನಾನು ಯಾರಿಗೂ ಹೇಳುವುದಿಲ್ಲ.

ಜಗಳೂರು, ಚಿತ್ರದುರ್ಗದ ಕೆಲವು ಹಳ್ಳಿಗಳಿಂದ ಬರುವವರಲ್ಲಿ ಇನ್ನೊಂದು ಸಮಸ್ಯೆ ಇದೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಬಹಳ ವರ್ಷ ಅದನ್ನೇ ಕುಡಿದ ಹಿರಿಯರ ಬೆನ್ನಿನ ಮೂಳೆ, ಮೂಳೆ ಜೋಡಿಸುವ ಪಟ್ಟಿಗಳು ಗಟ್ಟಿಯಾಗಿರುತ್ತವೆ. ಸ್ಪೈನಲ್ ಸೂಜಿ ಒಳಗೆ ಹೋಗಲು ಸಂದಿಯೇ ಸಿಗುವುದಿಲ್ಲ. ಕುತ್ತಿಗೆಯೂ ಬಾಗುವುದಿಲ್ಲ. ಹಾಗಾಗಿ ನಿಮ್ಮೂರು ಯಾವುದು, ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರೆ ಅದು ಬರೀ ಮಾತಿಗೆ ಕೇಳಿದ್ದಲ್ಲ.

ಬೆಳಿಗ್ಗೆ ಆಪರೇಷನ್. ಒಂದಿಷ್ಟು ತಿಂದರೆ ಏನಾಗುತ್ತೆ?

ಮತ್ತು ಬಂದಾಗ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಆಗ ಉಳಿಸುವುದು ಕಷ್ಟ. ಎಣ್ಣೆಯಲ್ಲಿ ಕರಿದದ್ದು, ಬೆಣ್ಣೆ ದೋಸೆ, ಮಾಂಸದೂಟ ಆದರೆ 8 ಗಂಟೆ ಬಿಡಬೇಕು. ಇಡ್ಲಿ, ಗಂಜಿ, ಹಸುವಿನ ಹಾಲು ಆದರೆ 6 ಗಂಟೆ. ಎದೆಹಾಲು 4 ಗಂಟೆ. ನೀರು, ಹಾಲು ಹಾಕದ ಚಹಾ 2 ಗಂಟೆ ಮುಂಚಿನವರೆಗೂ ಆಗುತ್ತದೆ. ಮಾಂಸದೂಟ ಜೋರಾಗಿರುವ ದುಗ್ಗಮ್ಮನ ಜಾತ್ರೆಯ ವಾರ ಬಂದ ರೋಗಿಗಳನ್ನು ಏನು ತಿಂದಿರಿ ಎಂದು ನಾನು ಎರಡು ಸಲ ಕೇಳುತ್ತೇನೆ.

ಹಿಂದಿನ ರಾತ್ರಿಯಿಂದ ಒಂದು ಹನಿ ನೀರೂ ಕೊಡಬೇಡಿ ಎಂದು ಈಗಲೂ ಹೇಳುವವರಿದ್ದಾರೆ. ಮಧ್ಯಾಹ್ನದ ಕೇಸಿಗೂ ಹಾಗೇ ಉಪವಾಸ ಕೆಡವುತ್ತಾರೆ. ಅದು ಬೇಕಿಲ್ಲ. ಮಕ್ಕಳಿಗಂತೂ ಹಿಂಸೆ. ಮಗು ಅಳುತ್ತದೆ ಎಂದು ಅಜ್ಜಿ ಸೆರಗಿನ ಮರೆಯಲ್ಲಿ ಬಿಸ್ಕತ್ತು ಕೊಡುವುದು ಇಂಥ ಉಪವಾಸದಿಂದಲೇ. ಕೊಟ್ಟಿದ್ದರೆ ದಯವಿಟ್ಟು ಹೇಳಿಬಿಡಿ. ಬಯ್ಯುವುದಿಲ್ಲ, ಕೇಸ್ ಮುಂದಕ್ಕೆ ಹಾಕುತ್ತೇವೆ ಅಷ್ಟೆ.

ದಿನಾ ತಗೊಳ್ಳೋ ಮಾತ್ರೆ ನಿಲ್ಲಿಸಬೇಕಾ?

ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಯಾವುದನ್ನೂ ಮುಚ್ಚಿಡಲೂ ಬೇಡಿ. ಮಾತ್ರೆಯ ಪಟ್ಟಿಗಳನ್ನು ಹಾಗೇ ಒಂದು ಚೀಲದಲ್ಲಿ ತನ್ನಿ. ಥೈರಾಯ್ಡ್ ಮಾತ್ರೆ, ಫಿಟ್ಸ್ ಮಾತ್ರೆ, ಬಿಪಿಯ ಬಹುತೇಕ ಮಾತ್ರೆಗಳನ್ನು ಆಪರೇಷನ್ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಬೇಕು. ಕೆಲವು ಬಿಪಿ ಮಾತ್ರೆಗಳನ್ನು ಅವತ್ತು ಬಿಡಿಸುತ್ತೇವೆ, ಯಾವುದೆಂದು ನೋಡಿ ಹೇಳಬೇಕು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಮಾತ್ರೆಯನ್ನು ಹೃದಯದ ಡಾಕ್ಟರನ್ನು ಕೇಳದೆ ಬಿಟ್ಟರೆ ಹಾರ್ಟ್ ಅಟ್ಯಾಕ್ ಆಗಬಹುದು. ಬಿಡದೆ ಬಂದರೆ ಬೆನ್ನಿಗೆ ಸೂಜಿ ಹಾಕಲು ಆಗುವುದಿಲ್ಲ. ಕ್ಲೋಪಿಡೋಗ್ರೆಲ್ ಆದರೆ ಸಾಮಾನ್ಯವಾಗಿ 5ರಿಂದ 7 ದಿನ ಮುಂಚೆಯೇ ತೀರ್ಮಾನ ಆಗಬೇಕು.

ಸಕ್ಕರೆ ಕಾಯಿಲೆಯವರು ಎರಡು ಹೆಸರು ನೋಡಿಕೊಳ್ಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂದು ಪಟ್ಟಿಯ ಮೇಲಿದ್ದರೆ ದೊಡ್ಡ ಆಪರೇಷನ್‌ಗೆ 3 ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಸಕ್ಕರೆ ಅಷ್ಟೇನೂ ಏರದೆ ರಕ್ತದಲ್ಲಿ ಆಮ್ಲ ಏರುತ್ತದೆ. ಈಗ ಈ ಮಾತ್ರೆಗಳು ಅಗ್ಗವಾಗಿವೆ, ಬಹಳ ಜನ ತೆಗೆದುಕೊಳ್ಳುತ್ತಿದ್ದಾರೆ. ನಾಟಿ ಔಷಧಿ, ಕಷಾಯ, ಸಂಜೆಯ ಕುಡಿತ ಇವೂ ಪಟ್ಟಿಗೆ ಸೇರುತ್ತವೆ.

ನಾವು ವೈಶ್ಯರು. ನಮಗೆ ಮತ್ತಿನ ಇಂಜೆಕ್ಷನ್ ಆಗಲ್ವಂತೆ, ನಿಜಾನಾ?

ಅರ್ಧ ನಿಜ. ಸಕ್ಸಿನೈಲ್‌ಕೋಲಿನ್ ಎಂಬ ಒಂದೇ ಔಷಧಿಯ ಮಾತು ಅದು. ಓಟಿಯಲ್ಲಿ ಸ್ಕೋಲಿನ್ ಎನ್ನುತ್ತೇವೆ. ಟ್ಯೂಬ್ ಹಾಕಲು ಸ್ನಾಯು ಸಡಿಲ ಮಾಡುತ್ತದೆ, ಕೆಲವೇ ನಿಮಿಷದಲ್ಲಿ ಇಳಿದುಹೋಗುತ್ತದೆ. ಇಳಿಸುವುದು ರಕ್ತದಲ್ಲಿರುವ ಒಂದು ಕಿಣ್ವ. ಹುಟ್ಟಿನಿಂದಲೇ ಆ ಕಿಣ್ವ ದುರ್ಬಲ ಇರುವವರು ಎಲ್ಲ ಕಡೆ ಅಪರೂಪಕ್ಕೆ ಇದ್ದಾರೆ. ದಕ್ಷಿಣ ಭಾರತದ ಆರ್ಯವೈಶ್ಯರಲ್ಲಿ ಸ್ವಲ್ಪ ಜಾಸ್ತಿ ಕಂಡುಬಂದಿದೆ. ಅಂಥವರಿಗೆ ಈ ಔಷಧಿ ಕೊಟ್ಟರೆ ಗಂಟೆಗಟ್ಟಲೆ ಸ್ವಂತ ಉಸಿರು ಬರುವುದಿಲ್ಲ. ಅಷ್ಟು ಹೊತ್ತು ವೆಂಟಿಲೇಟರ್‌ನಲ್ಲಿಟ್ಟರೆ ತಾನಾಗಿ ಸರಿಹೋಗುತ್ತಾರೆ. ಬೇರೆ ಔಷಧಿಗಳಿವೆ, ಅವನ್ನು ಬಳಸುತ್ತೇವೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಬಹಳ ಹೊತ್ತು ಉಸಿರು ಬರಲಿಲ್ಲ ಎಂಬ ಕಥೆ ಇದ್ದರೆ ಅದನ್ನು ಹೇಳಿ. ನಾವು ಜಾತಿ ಕೇಳಿದಂತೆ ಕಂಡರೆ ತಪ್ಪು ತಿಳಿಯಬೇಡಿ.

ಬೆನ್ನಿಗೆ ಇಂಜೆಕ್ಷನ್ ಕೊಟ್ರೆ ಜೀವನಪೂರ್ತಿ ಬೆನ್ನುನೋವು ಅಂತಾರಲ್ಲ?

ಸಿಸೇರಿಯನ್ ಆದ ಪ್ರತಿ ಮನೆಯಲ್ಲೂ ಈ ಮಾತಿದೆ. ಸೂಜಿ ಹಾಕಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆಯ ನೋವಿಗೆ ಕಾರಣ ಬೇರೆ ಇರುತ್ತದೆ. ಬಸಿರಿನಲ್ಲಿ ಸೊಂಟದ ಕಟ್ಟು ಸಡಿಲವಾಗಿರುತ್ತದೆ, ಆಮೇಲೆ ಮಗುವನ್ನು ಬಗ್ಗಿ ಎತ್ತುವುದು, ನೆಲದ ಮೇಲೆ ಕೂತು ಹಾಲುಣಿಸುವುದು, ನಿದ್ದೆ ಇಲ್ಲದಿರುವುದು. ಸಹಜ ಹೆರಿಗೆ ಆದವರಿಗೂ ಬೆನ್ನುನೋವು ಇದೆಯಲ್ಲ.

ಸೂಜಿ ಅರ್ಧ ಮಿಲಿಮೀಟರ್‌ನಷ್ಟು ತೆಳ್ಳಗಿರುತ್ತದೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಮೂಳೆಯ ಹತ್ತಿರವೇ ಮುಗಿಯುತ್ತದೆ. ನಾವು ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಕಾಲು ಎರಡು ಮೂರು ಗಂಟೆ ಜೋಮು ಹಿಡಿದಿರುತ್ತದೆ, ಆಮೇಲೆ ಬರುತ್ತದೆ. ನಿಜವಾಗಿ ನೋಡಿಕೊಳ್ಳಬೇಕಾದದ್ದು ತಲೆನೋವು. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ ಎನ್ನುವಂಥ ತಲೆನೋವು ಒಂದೆರಡು ದಿನದಲ್ಲಿ ಶುರುವಾದರೆ ನಮಗೆ ಹೇಳಿ. ನೀರು, ಕಾಫಿ, ನೋವಿನ ಮಾತ್ರೆಯಲ್ಲಿ ಹೆಚ್ಚಿನವರಿಗೆ ಹೋಗುತ್ತದೆ. ಹೋಗದಿದ್ದರೂ ಚಿಕಿತ್ಸೆ ಇದೆ.

ಮತ್ತು ಕೊಟ್ಟು ನೀವು ಹೋಗಿಬಿಡ್ತೀರಂತೆ?

ಹೋಗಬಾರದು. ಕೇಸ್ ಮುಗಿದು, ನೀವು ಹೆಸರು ಕೇಳಿದರೆ ಹೇಳುವಷ್ಟು ಎಚ್ಚರ ಆಗಿ, ರಿಕವರಿಗೆ ಹೋಗುವವರೆಗೂ ಡಾಕ್ಟರ್ ಪಕ್ಕದಲ್ಲೇ ಇರಬೇಕು. ಬೆರಳಿಗೆ ಹಾಕುವ ಆಮ್ಲಜನಕದ ಕ್ಲಿಪ್, ಇಸಿಜಿ, ಬಿಪಿ, ಟ್ಯೂಬ್ ಇದ್ದರೆ ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ ಇಷ್ಟು ಇರಲೇಬೇಕು. ಈ ಕೊನೆಯದು ಇಲ್ಲ ಎಂದ ಕಡೆ ನಾನು ಪೂರ್ತಿ ಮತ್ತಿನ ಕೇಸ್ ಮಾಡುವುದಿಲ್ಲ. ಇದರಿಂದ ಒಂದೆರಡು ಕಡೆ ಕರೆಯುವುದನ್ನು ಬಿಟ್ಟರು, ಬಿಡಲಿ.

ಅರ್ಧದಲ್ಲಿ ಎಚ್ಚರ ಆದ್ರೆ?

ಪೂರ್ತಿ ಮತ್ತಿನಲ್ಲಿ ಅದು ತೀರಾ ಅಪರೂಪ. ಸ್ಪೈನಲ್‌ನಲ್ಲಿ ಎಚ್ಚರ ಇರುವುದೇ ಸಹಜ. ಮುಟ್ಟಿದ್ದು, ಎಳೆದದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಬೇಕಿದ್ದರೆ ಮಂಪರಿಗೆ ಕೊಡುತ್ತೇವೆ.

ನಿಮ್ಮ ಫೀಸ್ ಬೇರೆ ಕೊಡಬೇಕಾ?

ಖಾಸಗಿಯಲ್ಲಿ ಸಾಮಾನ್ಯವಾಗಿ ಬಿಲ್ಲಿನಲ್ಲಿ ಬೇರೆ ಸಾಲು ಇರುತ್ತದೆ. ಆಪರೇಷನ್ ಎಷ್ಟು ಹೊತ್ತು, ರೋಗಿಯ ಸ್ಥಿತಿ ಹೇಗಿದೆ, ರಾತ್ರಿಯೋ ಹಗಲೋ ಎಂಬುದರ ಮೇಲೆ ಮೊತ್ತ ಬದಲಾಗುತ್ತದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆಸ್ಪತ್ರೆಯವರು ದರಪಟ್ಟಿ ಪ್ರದರ್ಶಿಸಬೇಕು. ಕೇಳಿ ನೋಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅದರ ಪ್ಯಾಕೇಜಿನಲ್ಲಿ ಅರಿವಳಿಕೆಯೂ ಸೇರಿದೆ. ಆ ಕಾರ್ಡಿನಲ್ಲಿ ದಾಖಲಾದವರ ಹತ್ತಿರ ಮತ್ತಿನ ಡಾಕ್ಟರಿಗೆ ಎಂದು ಬೇರೆ ದುಡ್ಡು ಕೇಳುವಂತಿಲ್ಲ. ಯಾರಾದರೂ ಕೇಳಿದರೆ ರಸೀದಿ ಕೇಳಿ. ಅಲ್ಲಿಗೆ ಮಾತು ನಿಲ್ಲುತ್ತದೆ.

ಸಹಿ ಮಾಡಿಸ್ಕೊಳ್ಳೋದು ನೀವು ತಪ್ಪಿಸ್ಕೊಳ್ಳೋಕಲ್ವಾ?

ಅಲ್ಲ. ಸಹಿ ಹಾಕಿದ ಮಾತ್ರಕ್ಕೆ ನಮ್ಮ ತಪ್ಪು ಮಾಫಿ ಆಗುವುದಿಲ್ಲ. ಅರಿವಳಿಕೆಗೆ ಬೇರೆ ಒಪ್ಪಿಗೆ ಪತ್ರ ಇರಬೇಕು. ಅದು ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು, ಕನ್ನಡದ್ದು ಕೊಡಿ ಎಂದು ಕೇಳಿ. ಒಂದಕ್ಕೆಂದು ಕೊಟ್ಟ ಒಪ್ಪಿಗೆಯಲ್ಲಿ ಇನ್ನೊಂದು ಆಪರೇಷನ್ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಪ್ರಾಣ ಹೋಗುವಂಥ ತುರ್ತು ಇದ್ದರೆ ಮಾತ್ರ ವಿನಾಯಿತಿ. ವೈದ್ಯರ ನಡವಳಿಕೆ ಬಗ್ಗೆ ದೂರು ಇದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಆಸ್ಪತ್ರೆಯ ಬಗ್ಗೆ ಇದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಬಹುದು.

ಮನೆಗೆ ಹೋದ ಮೇಲೆ?

ಪೂರ್ತಿ ಮತ್ತು ಅಥವಾ ಮಂಪರಿನ ಔಷಧಿ ಪಡೆದವರು 24 ಗಂಟೆ ಬೈಕ್, ಟ್ರ್ಯಾಕ್ಟರ್ ಓಡಿಸಬಾರದು. ಜಮೀನಿನ ಪತ್ರಕ್ಕೆ ಸಹಿ ಹಾಕುವುದೂ ಬೇಡ, ತಲೆ ಇನ್ನೂ ಪೂರ್ತಿ ತಿಳಿಯಾಗಿರುವುದಿಲ್ಲ. ಒಂದೆರಡು ದಿನ ಗಂಟಲು ಕೆರೆಯುವುದು ಸಾಮಾನ್ಯ. ಉಸಿರು ಕಟ್ಟುವುದು, ಕಾಲಿನ ಜೋಮು ಹೋಗದಿರುವುದು, ಮೂತ್ರ ಬಾರದಿರುವುದು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ. ಟ್ಯೂಬ್ ಹಾಕಲು ಕಷ್ಟವಾಗಿದ್ದರೆ ಅಥವಾ ಯಾವುದಾದರೂ ಔಷಧಿ ಒಗ್ಗದಿದ್ದರೆ ನಾನು ಡಿಸ್ಚಾರ್ಜ್ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿರುತ್ತೇನೆ. ಆ ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗಿಡಿ. ಮುಂದೆ ಯಾವ ಊರಿನಲ್ಲಿ ಆಪರೇಷನ್ ಆದರೂ ಅಲ್ಲಿನ ಅರಿವಳಿಕೆ ಡಾಕ್ಟರಿಗೆ ಮೊದಲು ಅದನ್ನು ತೋರಿಸಿ.